ಆರೆಂಜಿನ ‘ನ’ಕಾರ ಎಲ್ಲಿ ಬಿದ್ದುಹೋಯಿತು?

ಕಾಲೇಜೊಂದರ ಭಾಷಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪವಿದು. ಮಾತಿನ ನಡುವೆ ಸಭಿಕರು ಕೇಳಿದ ಪ್ರಶ್ನೆಗಳನ್ನೂ ಅವುಗಳ ಜಾಗದಲ್ಲಿಯೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಇಂಗ್ಲಿಷ್ ಪದ ದಿನ ಬಿಟ್ಟು ದಿನ ಕಾಣಿಸಿಕೊಳ್ಳುತ್ತದೆ. ‘ಕರಾವಳಿಗೆ ಆರೆಂಜ್ ಅಲರ್ಟ್’, ‘ಕೊಡಗಿಗೆ ಆರೆಂಜ್ ಅಲರ್ಟ್’. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಸಿರು, ಹಳದಿ, ಆರೆಂಜ್, ಕೆಂಪು ಎಂದು ನಾಲ್ಕು ಬಣ್ಣಗಳಿವೆ. 24 ಗಂಟೆಗಳಲ್ಲಿ 115.6ರಿಂದ 204.4 ಮಿಲಿಮೀಟರ್‌ವರೆಗೆ ಮಳೆ ಸುರಿದರೆ ಅದನ್ನು ಇಲಾಖೆ ‘ಅತಿ ಭಾರಿ ಮಳೆ’ ಎಂದು ಕರೆಯುತ್ತದೆ. ಅಂಥ ಮಳೆಯ ನಿರೀಕ್ಷೆ ಇರುವಾಗ ಸಾಮಾನ್ಯವಾಗಿ ಕೊಡುವ ಬಣ್ಣ ಆರೆಂಜ್. ಸಿದ್ಧರಾಗಿರಿ ಎಂಬುದು ಅದರ ಅರ್ಥ. 2020ರಲ್ಲಿ ಕೊರೊನಾ ಕಾಲದಲ್ಲಿಯೂ ಜಿಲ್ಲೆಗಳನ್ನು ಕೆಂಪು, ಆರೆಂಜ್, ಹಸಿರು ವಲಯಗಳೆಂದು ವಿಂಗಡಿಸಿದ್ದರು. ಹಣ್ಣನ್ನು ಕಂಡೇ ಇಲ್ಲದ ಮಗುವಿಗೂ ಇಂದು ಈ ಪದ ಗೊತ್ತಿರುತ್ತದೆ.

ಇಂಗ್ಲಿಷಿನಲ್ಲಿ ಇದು ಹಣ್ಣಿನ ಹೆಸರು, ಬಣ್ಣದ ಹೆಸರು, ಒಂದು ರಾಜಮನೆತನದ ಹೆಸರು, ದಕ್ಷಿಣ ಆಫ್ರಿಕದ ಒಂದು ನದಿಯ ಹೆಸರು, ಐರ್ಲೆಂಡಿನ ಒಂದು ಧಾರ್ಮಿಕ ಪಂಗಡದ ಗುರುತು. ಇಷ್ಟೆಲ್ಲ ಹೊರೆ ಹೊತ್ತ ಈ ಪದ ನಮ್ಮ ದಕ್ಷಿಣದ ನೆಲದಿಂದ ಹೊರಟಿರಬೇಕು ಎಂದು ದೊಡ್ಡ ಇಂಗ್ಲಿಷ್ ನಿಘಂಟುಗಳೇ ಸೂಚಿಸುತ್ತವೆ. ಅದನ್ನು ಕೇಳಿದ ಕೂಡಲೇ ನಮಗೆ ಹಿಗ್ಗಾಗುತ್ತದೆ. ಹಿಗ್ಗುವುದು ತಪ್ಪಲ್ಲ. ಆದರೆ ಹಿಗ್ಗಿನಲ್ಲಿ ನಿಂತುಬಿಟ್ಟರೆ ಪದ ಹೇಗೆ ಹೋಯಿತು, ಯಾರು ಒಯ್ದರು ಎಂಬ ನಿಜವಾದ ಸ್ವಾರಸ್ಯ ಕೈತಪ್ಪುತ್ತದೆ. ನನ್ನ ವಾದ ಇಷ್ಟೇ: ಈ ಪದವನ್ನು ಒಯ್ದವರು ಪಂಡಿತರಲ್ಲ. ಗಿಡ ನೆಟ್ಟವರು, ಹಣ್ಣು ಮಾರಿದವರು, ಹಡಗು ನಡೆಸಿದವರು ಒಯ್ದರು. ಆದ್ದರಿಂದ ಪದದ ಜಾಡು ಬೇಕೆಂದರೆ ಹಣ್ಣಿನ ಜಾಡನ್ನೇ ಹಿಡಿಯಬೇಕು.

ಮೊದಲು ಹಣ್ಣು ಯಾವುದು ಎಂದು ಗೊತ್ತು ಮಾಡಿಕೊಳ್ಳೋಣ. ಇಂದು ನಾವು ಆರೆಂಜ್ ಎನ್ನುವಾಗ ಮನಸ್ಸಿಗೆ ಬರುವುದು ಸಿಹಿ ಹಣ್ಣು. ಪದ ಹೊರಟ ಕಾಲದಲ್ಲಿ ಅದು ಸಿಹಿ ಹಣ್ಣಿನ ಹೆಸರಾಗಿರಲಿಲ್ಲ. ದಪ್ಪ ಸಿಪ್ಪೆಯ, ಹುಳಿ ಮತ್ತು ಕಹಿ ಬೆರೆತ ಹಣ್ಣೊಂದಿದೆ, ತಿನ್ನುವುದಕ್ಕಿಂತ ಉಪ್ಪಿನಕಾಯಿಗೆ, ಔಷಧಕ್ಕೆ, ಪರಿಮಳಕ್ಕೆ ಬೇಕಾದದ್ದು. ಸಸ್ಯಶಾಸ್ತ್ರಜ್ಞರ ಪ್ರಕಾರ ಕಹಿ ಕಿತ್ತಳೆ, ಸಿಹಿ ಕಿತ್ತಳೆ ಎರಡೂ ಚಕೋತ ಮತ್ತು ಸಡಿಲ ಸಿಪ್ಪೆಯ ಮ್ಯಾಂಡರಿನ್ ಜಾತಿಗಳ ಬೆರಕೆಯಿಂದ ಹುಟ್ಟಿದವು. ಈ ಇಡೀ ಕುಟುಂಬದ ತವರು ಹಿಮಾಲಯದ ಆಗ್ನೇಯ ತಪ್ಪಲು: ಅಸ್ಸಾಂ, ಉತ್ತರ ಮ್ಯಾನ್ಮಾರ್, ಚೀನಾದ ಯುನ್ನಾನ್ ಸೇರುವ ಪ್ರದೇಶ. ಗಿಡದ ತವರು ಅಲ್ಲಿದ್ದರೂ ಹೆಸರಿನ ತವರು ಅಲ್ಲಿಯೇ ಇರಬೇಕೆಂದಿಲ್ಲ. ಹೊರಗಿನವರ ಕೈಗೆ ಹಣ್ಣನ್ನು ಯಾರು ಇಡುತ್ತಾರೋ ಅವರ ಬಾಯಿಯ ಹೆಸರೇ ಮುಂದಕ್ಕೆ ಹೋಗುತ್ತದೆ.

ಸಂಸ್ಕೃತದಲ್ಲಿ ನಾರಂಗ ಎಂಬ ರೂಪವೂ ಇದೆ, ನಾಗರಂಗ ಎಂಬ ರೂಪವೂ ಇದೆ. ಅಮರಕೋಶದ ವನೌಷಧಿ ವರ್ಗದಲ್ಲಿ ‘ಐರಾವತೋ ನಾಗರಂಗಃ’ ಎಂದು ಬರುತ್ತದೆ. ಈ ನಾಗರಂಗವನ್ನು ಹಿಡಿದುಕೊಂಡು ಒಂದು ಕಥೆ ಹುಟ್ಟಿದೆ. ನಾಗ ಎಂದರೆ ಆನೆ. ಆನೆಯೊಂದು ಕಾಡಿನಲ್ಲಿ ಈ ಹಣ್ಣನ್ನು ಮಿತಿಮೀರಿ ತಿಂದು ಹೊಟ್ಟೆ ಒಡೆದು ಸತ್ತಿತಂತೆ, ಸತ್ತ ಜಾಗದಲ್ಲಿ ಮರಗಳು ಹುಟ್ಟಿದವಂತೆ. ಕಥೆ ಚೆನ್ನಾಗಿದೆ, ಮಕ್ಕಳಿಗೆ ಹೇಳಲು ಅಡ್ಡಿಯಿಲ್ಲ. ವ್ಯುತ್ಪತ್ತಿಯಾಗಿ ಅದು ನಿಲ್ಲುವುದಿಲ್ಲ. ಹೊರಗಿನಿಂದ ಬಂದ ಪದದ ಅರ್ಥ ತಿಳಿಯದಿದ್ದಾಗ ಜನ ಅದನ್ನು ತಮಗೆ ಗೊತ್ತಿರುವ ಪದಗಳಾಗಿ ಒಡೆದುಕೊಳ್ಳುತ್ತಾರೆ. ಸಂಸ್ಕೃತದಲ್ಲಿ ನಾಗ ಮತ್ತು ರಂಗ ಎಂದು ಒಡೆಯಬೇಕಾಗಿ ಬಂತೆಂದರೆ ಆ ಪದ ಸಂಸ್ಕೃತಕ್ಕೆ ಬೇರೆಡೆಯಿಂದ ಬಂದಿರಬಹುದು ಎಂಬ ಅನುಮಾನಕ್ಕೆ ಅದೇ ಒಂದು ಸುಳಿವು.

ಬೇರೆಡೆ ಎಂದರೆ ಎಲ್ಲಿ? ತಮಿಳಿನಲ್ಲಿ ನಾರತ್ತೈ ಇದೆ, ನಾರ್ತ್ತಂಗಾಯ್ ಇದೆ. ಮಲಯಾಳದಲ್ಲಿ ನಾರಙ್ಙ ಇದೆ. ತೆಲುಗಿನಲ್ಲಿ ನಾರಿಂಜ. ದಕ್ಷಿಣದ ಭಾಷೆಗಳಲ್ಲಿ ಇಷ್ಟು ದಟ್ಟವಾಗಿ, ಇಷ್ಟು ಮನೆಬಳಕೆಯ ಪದವಾಗಿ ಇದು ಹರಡಿಕೊಂಡಿರುವುದರಿಂದ ಮೂಲ ದ್ರಾವಿಡ ಎಂಬ ಮಾತಿಗೆ ಬಲ ಬಂದಿದೆ. ಮಲಯಾಳದ ರೂಪವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅಲ್ಲಿ ಮಾವಿನಕಾಯಿಗೆ ಮಾಙ್ಙ, ತೆಂಗಿನಕಾಯಿಗೆ ತೇಙ್ಙ ಎನ್ನುತ್ತಾರೆ. ಕೊನೆಯ ‘ಙ್ಙ’ ಬೇರೇನೂ ಅಲ್ಲ, ನಮ್ಮ ‘ಕಾಯಿ’ಯೇ ಹಿಂದಿನ ಅನುನಾಸಿಕದ ಜೊತೆ ಕರಗಿ ಹಾಗಾಗಿದೆ. ನಾರಙ್ಙ ಕೂಡ ಅದೇ ಅಚ್ಚಿನ ಪದ: ನಾರ ಮತ್ತು ಕಾಯಿ. ಇಂಗ್ಲಿಷಿನ ಮ್ಯಾಂಗೋ ಎಂಬ ಪದದ ಬಾಲದಲ್ಲಿ ಈ ಕಾಯಿ ಪೋರ್ಚುಗೀಸರ ಮೂಲಕ ಹೋಗಿ ಕೂತಿದೆ ಎಂಬುದರಲ್ಲಿ ಸಂದೇಹವಿಲ್ಲ. ನಾರಂಗದ ‘ಂಗ’ ಕೂಡ ಅದೇ ಕಾಯಿ ಇರಬಹುದು ಎಂಬುದು ಊಹೆ. ಒಳ್ಳೆಯ ಊಹೆ, ನನಗೆ ಒಪ್ಪಿಗೆಯಾದ ಊಹೆ, ಆದರೂ ಊಹೆಯೇ.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದರು: “ಸರ್, ನಾರು ಎಂದರೆ ವಾಸನೆ ಬರುವುದು ತಾನೇ? ಪರಿಮಳದ ಹಣ್ಣು ಎಂಬ ಅರ್ಥದಲ್ಲಿ ನಾರಂಗ ಆಗಿರಬಹುದಲ್ಲವೇ?”

ಈ ವಿವರಣೆ ಹಲವು ಪುಸ್ತಕಗಳಲ್ಲಿಯೂ ಇದೆ. ಇಂದು ನಾರು, ನಾತ ಎಂದರೆ ಕೆಟ್ಟ ವಾಸನೆ. ಹಿಂದೆ ಒಳ್ಳೆಯ ವಾಸನೆಗೂ ಈ ಧಾತು ಸಲ್ಲುತ್ತಿತ್ತು, ತಮಿಳಿನಲ್ಲಿ ‘ನಱು’ ಎಂದರೆ ಸುಗಂಧವೇ. ಅರ್ಥದ ದೃಷ್ಟಿಯಿಂದ ಎಲ್ಲವೂ ಸರಿಹೊಂದುತ್ತದೆ. ತೊಡಕು ಇರುವುದು ಒಂದೇ ಒಂದು ಅಕ್ಷರದಲ್ಲಿ. ಹಳಗನ್ನಡದಲ್ಲಿ ವಾಸನೆಯ ‘ನಾಱು’ ಶಕಟರೇಫ, ಅಂದರೆ ಬಂಡಿ ‘ಱ’ ಇರುವ ಪದ. ತಮಿಳಿನಲ್ಲಿಯೂ ಅದಕ್ಕೆ ‘ಱ’ ಇದೆ. ಆದರೆ ತಮಿಳಿನ ನಾರತ್ತೈ, ಮಲಯಾಳದ ನಾರಙ್ಙ ಇವುಗಳಲ್ಲಿ ಇರುವುದು ಸಾದಾ ‘ರ’. ಈ ಎರಡು ಅಕ್ಷರಗಳನ್ನು ಆ ಭಾಷೆಗಳು ಇಂದಿಗೂ ಬೇರೆ ಬೇರೆಯಾಗಿಯೇ ಇಟ್ಟುಕೊಂಡಿವೆ. ನಾವು ಕನ್ನಡಿಗರು ‘ಱ’ ಕಳೆದುಕೊಂಡವರು. ಹಾಗಾಗಿ ನಮಗೆ ನಾರು ಮತ್ತು ನಾರಂಗ ಒಂದೇ ಬೇರಿನವೆಂದು ಸುಲಭವಾಗಿ ಅನ್ನಿಸಿಬಿಡುತ್ತದೆ. ತಮಿಳರಿಗೂ ಮಲಯಾಳಿಗಳಿಗೂ ಅಷ್ಟು ಸುಲಭವಲ್ಲ. ವ್ಯುತ್ಪತ್ತಿ ಹೇಳುವವರು ಅರ್ಥ ಕೂಡಿಬಂತೆಂದು ಸಂತೋಷಪಡುವ ಮೊದಲು ಧ್ವನಿ ಕೂಡಿಬಂತೇ ಎಂದು ನೋಡಬೇಕು. ಈ ಶಿಸ್ತು ಇಲ್ಲದೆ ಹೋದರೆ ಲೋಕದ ಯಾವ ಪದವನ್ನು ಬೇಕಾದರೂ ಕನ್ನಡದಿಂದ ಹುಟ್ಟಿಸಬಹುದು, ಮತ್ತು ಅಂಥ ಪಟ್ಟಿಗಳು ಮೊಬೈಲಿನಲ್ಲಿ ದಿನವೂ ಹರಿದಾಡುತ್ತಿವೆ. ಕನ್ನಡದ ಮೇಲಿನ ಪ್ರೀತಿಯಿಂದಲೇ ಅವುಗಳನ್ನು ಹಂಚುತ್ತಾರೆ ಎಂಬುದು ನನಗೆ ಗೊತ್ತು. ಆದರೆ ಸುಳ್ಳು ವ್ಯುತ್ಪತ್ತಿಯಿಂದ ಕನ್ನಡಕ್ಕೆ ಯಾವ ಲಾಭವೂ ಇಲ್ಲ.

ಇನ್ನು ಸಮುದ್ರ ದಾಟೋಣ. ಹತ್ತನೆಯ ಶತಮಾನದಲ್ಲಿ ಅಲ್ ಮಸೂದಿ ಎಂಬ ಅರಬ್ ಇತಿಹಾಸಕಾರನಿದ್ದ. ಬಾಗ್ದಾದಿನವನು, ನಮ್ಮ ಪಶ್ಚಿಮ ಕರಾವಳಿಯನ್ನು ಕಣ್ಣಾರೆ ಕಂಡವನು, 956ರಲ್ಲಿ ತೀರಿಕೊಂಡ. ನಾರಂಜ್ ಎಂಬ ಮರವನ್ನು ಹಿಜರಿ 300ರ ನಂತರ, ಅಂದರೆ ಸುಮಾರು 912ರ ಬಳಿಕ, ಹಿಂದ್‌ನಿಂದ ತಂದು ಮೊದಲು ಒಮಾನಿನಲ್ಲಿ ನೆಟ್ಟರು, ಅಲ್ಲಿಂದ ಬಸ್ರಾಕ್ಕೂ ಇರಾಕ್, ಸಿರಿಯಾಗಳಿಗೂ ಅದು ಹಬ್ಬಿತು ಎಂದು ಅವನು ಬರೆದಿಟ್ಟಿದ್ದಾನೆ. ಅದಕ್ಕಿಂತ ಮುಖ್ಯವಾದ ಒಂದು ಮಾತನ್ನೂ ಸೇರಿಸುತ್ತಾನೆ: ಭಾರತದಲ್ಲಿದ್ದಾಗ ಆ ಹಣ್ಣಿಗಿದ್ದ ಪರಿಮಳ, ಆ ಬಣ್ಣ ಇಲ್ಲಿ ಉಳಿಯಲಿಲ್ಲ, ಏಕೆಂದರೆ ಆ ಗಾಳಿ, ಆ ಮಣ್ಣು, ಆ ನೀರು ಇಲ್ಲಿಲ್ಲ.

ಒಂದು ಪದದ ಪ್ರಯಾಣಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷಿ ಸಿಗುವುದು ಅಪರೂಪ. ಭಾರತದ ಕರಾವಳಿಯಿಂದ ಒಮಾನಿಗೆ ಗಿಡ ಹೋದದ್ದು, ಗಿಡದ ಜೊತೆ ಹೆಸರು ಹೋದದ್ದು, ಹೋದಲ್ಲಿ ರುಚಿ ಬದಲಾದದ್ದು ಎಲ್ಲವೂ ಆ ಕೆಲವು ಸಾಲುಗಳಲ್ಲಿವೆ. ಪರ್ಶಿಯನ್ ಭಾಷೆಯಲ್ಲಿ ನಾರಂಗ್ ಎಂದಿತ್ತು. ಅರಬ್ಬಿಯಲ್ಲಿ ‘ಗ’ ಧ್ವನಿ ಇಲ್ಲದ್ದರಿಂದ ನಾರಂಜ್ ಆಯಿತು. ಇಂಗ್ಲಿಷಿನಲ್ಲಿ ನಾವು ಕೇಳುವ ‘ಜ್’ ಹುಟ್ಟಿದ್ದು ಆ ತಿರುವಿನಲ್ಲಿ.

ಅರಬರು ಈ ಮರವನ್ನು ಸಿಸಿಲಿಗೂ ಸ್ಪೇನಿಗೂ ಒಯ್ದರು. ಸ್ಪೇನಿನ ಸೆವಿಲ್ ನಗರದ ಬೀದಿಗಳಲ್ಲಿ ಇಂದಿಗೂ ಸಾಲುಸಾಲಾಗಿ ನಿಂತಿರುವುದು ಇದೇ ಕಹಿ ಕಿತ್ತಳೆಯ ಮರಗಳು. ಬ್ರಿಟನ್ನಿನವರ ಮಾರ್ಮಲೇಡಿಗೆ ಹೋಗುವುದು ಅಲ್ಲಿನ ಹಣ್ಣು. ಸ್ಪ್ಯಾನಿಷ್ ಭಾಷೆ ‘ನ’ಕಾರವನ್ನು ಉಳಿಸಿಕೊಂಡಿತು: ನರಾಂಹ ಎಂದು ಉಚ್ಚರಿಸುತ್ತಾರೆ. ಹಂಗೇರಿಯವರು ನರಾಂಚ್ ಎನ್ನುತ್ತಾರೆ, ಆರ್ಮೇನಿಯದವರು ನಾರಿಂಜ್ ಎನ್ನುತ್ತಾರೆ. ಪೋರ್ಚುಗೀಸರು ಮಾತ್ರ ‘ನ’ವನ್ನು ‘ಲ’ ಮಾಡಿ ಲರಾಂಜ ಎಂದರು.

ಹಾಗಾದರೆ ಇಂಗ್ಲಿಷಿನ ‘ನ’ ಎಲ್ಲಿ ಹೋಯಿತು? ಎಲ್ಲ ಕಡೆ ಕೇಳಿಬರುವ ಉತ್ತರ ಹೀಗಿದೆ: ಇಂಗ್ಲಿಷರು ‘ಎ ನಾರೆಂಜ್’ ಎಂದು ಹೇಳುತ್ತಾ ಹೇಳುತ್ತಾ ಆ ‘ನ’ ಹಿಂದಿನ ‘ಎ’ಗೆ ಅಂಟಿ ‘ಆ್ಯನ್ ಆರೆಂಜ್’ ಆಯಿತು. ಅರ್ಧ ನಿಜ. ಇಂಥ ಬದಲಾವಣೆ ಇಂಗ್ಲಿಷಿನಲ್ಲಿ ನಡೆದಿರುವುದು ಹೌದು. ಅಡುಗೆಮನೆಯ ಏಪ್ರನ್ ಮೊದಲು ನೇಪ್ರನ್ ಆಗಿತ್ತು. ಹಾವಿನ ಹೆಸರಾದ ಆ್ಯಡರ್ ಮೊದಲು ನ್ಯಾಡರ್. ಕ್ರಿಕೆಟ್ಟಿನ ಅಂಪೈರ್ ಕೂಡ ನಂಪೈರ್‌ನಂಥ ಪದವೇ ಆಗಿತ್ತು. ತಿರುಗುಮುರುಗಾಗಿಯೂ ನಡೆದಿದೆ: ನಿಕ್‌ನೇಮ್ ಎಂಬುದರ ಮೊದಲ ‘ನ’ ಹಿಂದಿನ ‘ಆ್ಯನ್’ನಿಂದ ಕಿತ್ತುಕೊಂಡದ್ದು. ಆದರೆ ಆರೆಂಜಿನ ವಿಷಯದಲ್ಲಿ ಇಂಗ್ಲಿಷರಿಗೆ ಆ ಅವಕಾಶವೇ ಸಿಗಲಿಲ್ಲ. ಅವರ ಕೈಗೆ ಬರುವ ಮೊದಲೇ ‘ನ’ ಹೋಗಿತ್ತು. ಇಟಲಿಯಲ್ಲಿ ‘ಉನ ನರಾಂಚ’ ಎಂಬುದು ‘ಉನ್ ಅರಾಂಚ’ ಆಗಿತ್ತು, ಫ್ರಾನ್ಸಿನಲ್ಲಿ ಒರೆಂಜ್ ಎಂದಾಗಿತ್ತು. ವೆನಿಸಿನ ಆಡುಮಾತಿನಲ್ಲಿ ಇಂದಿಗೂ ನರಾಂಜ ಎಂಬ ರೂಪ ಉಳಿದಿದೆ ಎಂಬುದು ಆ ದಾರಿಯಲ್ಲಿ ಬಿದ್ದ ಹೆಜ್ಜೆ ಗುರುತು.

ಇಂಗ್ಲೆಂಡಿಗೆ ಹಣ್ಣು ಬಂದ ಆರಂಭದ ದಾಖಲೆಗಳಲ್ಲಿ ಒಂದು 1290ರದು. ಸ್ಪೇನಿನ ಹಡಗೊಂದು ಪೋರ್ಟ್ಸ್‌ಮತ್ ಬಂದರಿಗೆ ಬಂತು. ಒಂದನೆಯ ಎಡ್ವರ್ಡ್ ದೊರೆಯ ರಾಣಿ ಎಲಿನಾರ್ ಅದರಿಂದ ಅಂಜೂರ, ಒಣದ್ರಾಕ್ಷಿ, ಖರ್ಜೂರ, 230 ದಾಳಿಂಬೆಗಳ ಜೊತೆಗೆ 7 ಕಿತ್ತಳೆಗಳನ್ನು ಕೊಂಡಳು. ಲೆಕ್ಕ ಬರೆದ ಗುಮಾಸ್ತ ಲ್ಯಾಟಿನಿನಲ್ಲಿ ‘ಪೋಮ ದೆ ಒರೆಂಜ್’ ಎಂದು ಬರೆದ. ಪೋಮ ಎಂದರೆ ಹಣ್ಣುಗಳು. ಎಲಿನಾರ್ ಕ್ಯಾಸ್ಟೈಲ್ ರಾಜ್ಯದಿಂದ ಮದುವೆಯಾಗಿ ಬಂದವಳು, ಅರಬರಿಂದ ತೋಟಗಾರಿಕೆ ಕಲಿತ ನಾಡಿನ ಮಗಳು. ತವರಿನ ಹಡಗಿನಿಂದ ತವರಿನ ಹಣ್ಣು ಕೊಂಡಿದ್ದಾಳೆ. ಅದೇ ವರ್ಷದ ನವೆಂಬರಿನಲ್ಲಿ ಅವಳು ತೀರಿಕೊಂಡಳು. ನಿಘಂಟಿನ ಒಣ ಸಾಲುಗಳ ಹಿಂದೆ ಇಂಥ ಮನುಷ್ಯರಿದ್ದಾರೆ. ಈ ಏಳು ಹಣ್ಣಿನ ಲೆಕ್ಕ ನನ್ನನ್ನು ಪ್ರತಿ ಸಲವೂ ಹಿಡಿದು ನಿಲ್ಲಿಸುತ್ತದೆ.

ನಾರಂಜ್, ಅರಾಂಚ ಸರಿ, ಆದರೆ ಮೊದಲಿನ ‘ಒ’ ಎಲ್ಲಿಂದ ಬಂತು? ಫ್ರೆಂಚಿನಲ್ಲಿ ‘ಒರ್’ ಎಂದರೆ ಚಿನ್ನ. ಲ್ಯಾಟಿನಿನಲ್ಲಿ ‘ಔರುಮ್’. ಚಿನ್ನದ ಬಣ್ಣದ ಹಣ್ಣನ್ನು ಕಂಡ ಜನ ಪದದ ಮೊದಲ ಸ್ವರವನ್ನು ಚಿನ್ನದ ಕಡೆಗೆ ಎಳೆದುಕೊಂಡರು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಕೊಟ್ಟ ಸಿಟ್ರಸ್ ಔರಾಂಟಿಯಂ ಎಂಬ ವೈಜ್ಞಾನಿಕ ಹೆಸರಿನಲ್ಲಿಯೂ ಅದೇ ಚಿನ್ನ ಹೊಳೆಯುತ್ತದೆ. ಸಂಸ್ಕೃತದವರು ನಾಗ-ರಂಗ ಎಂದು ಒಡೆದುಕೊಂಡ ಹಾಗೆಯೇ ಇದು.

ಚಿನ್ನದ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಫ್ರಾನ್ಸಿನ ದಕ್ಷಿಣದಲ್ಲಿ ಒರಾಂಜ್ ಎಂಬ ಊರಿದೆ. ರೋಮನ್ನರ ಕಾಲದ ದೊಡ್ಡ ರಂಗಮಂದಿರ ಇಂದಿಗೂ ಅಲ್ಲಿ ಎದ್ದು ನಿಂತಿದೆ. ಆ ಊರಿಗೂ ಹಣ್ಣಿಗೂ ಸಂಬಂಧವೇ ಇಲ್ಲ. ಊರಿನ ಹಳೆಯ ಹೆಸರು ಅರೌಸಿಯೊ, ಅದು ಅಲ್ಲಿನ ಮೂಲನಿವಾಸಿಗಳ ಜಲದೇವತೆಯ ಹೆಸರು. ಕಾಲಕ್ರಮದಲ್ಲಿ ಸವೆದು ಸವೆದು ಹಣ್ಣಿನ ಹೆಸರಿನಂತೆಯೇ ಕೇಳಿಸತೊಡಗಿತು. 1544ರಲ್ಲಿ ಆ ಊರಿನ ಸಂಸ್ಥಾನ ವಿಲಿಯಂ ಎಂಬ ಹುಡುಗನಿಗೆ ದಾಯವಾಗಿ ಬಂತು. ಮುಂದೆ ಸ್ಪೇನಿನ ವಿರುದ್ಧ ಡಚ್ಚರ ದಂಗೆಯ ನಾಯಕನಾದವನು ಅವನೇ. ಅಂದಿನಿಂದ ಕಿತ್ತಳೆ ಬಣ್ಣ ನೆದರ್ಲೆಂಡ್ಸಿನ ಬಣ್ಣವಾಯಿತು, ಅವರ ಫುಟ್‌ಬಾಲ್ ತಂಡ ಅದನ್ನೇ ತೊಡುತ್ತದೆ. ಆ ವಂಶದ ಮೂರನೆಯ ವಿಲಿಯಂ 1689ರಲ್ಲಿ ಇಂಗ್ಲೆಂಡಿನ ದೊರೆಯಾಗಿ, 1690ರಲ್ಲಿ ಐರ್ಲೆಂಡಿನ ಬಾಯ್ನ್ ನದಿಯ ಬಳಿ ಕ್ಯಾಥೊಲಿಕ್ ದೊರೆ ಜೇಮ್ಸನನ್ನು ಸೋಲಿಸಿದ. ಐರ್ಲೆಂಡಿನ ಪ್ರಾಟೆಸ್ಟೆಂಟರು ಆರೆಂಜ್ ಎಂಬ ಹೆಸರನ್ನು ತಮ್ಮ ಸಂಘಟನೆಗೆ ಇಟ್ಟುಕೊಂಡದ್ದು 1795ರಲ್ಲಿ. ಐರ್ಲೆಂಡಿನ ಧ್ವಜದ ಒಂದು ಪಟ್ಟಿ ಆರೆಂಜ್ ಆಗಿರುವುದು ಅವರ ಗುರುತಾಗಿ. ಆಫ್ರಿಕದ ಆರೆಂಜ್ ನದಿಗೂ ಡಚ್ ರಾಜಮನೆತನದ ಹೆಸರೇ, ಅದರ ನೀರಿನ ಬಣ್ಣ ನೋಡಿ ಇಟ್ಟದ್ದಲ್ಲ.

ಬಣ್ಣದ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷರಿಗೆ ಹಣ್ಣು ಬರುವ ಮೊದಲು ಈ ಬಣ್ಣಕ್ಕೆ ಒಂಟಿ ಹೆಸರಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಹಳದಿಗೆಂಪು’ ಎಂಬರ್ಥದ ಜೋಡುಪದವೊಂದು ಇತ್ತು. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ನರಿಯೊಂದನ್ನು ವರ್ಣಿಸುವಾಗ ಅದರ ಬಣ್ಣ ಹಳದಿಗೂ ಕೆಂಪಿಗೂ ನಡುವಿನದು ಎನ್ನುತ್ತಾನೆ. ರಾಬಿನ್ ಹಕ್ಕಿಯ ಎದೆ ಅಪ್ಪಟ ಕಿತ್ತಳೆ ಬಣ್ಣದ್ದು, ಆದರೂ ಅವರು ಅದನ್ನು ಕೆಂಪೆದೆಯ ರಾಬಿನ್ ಎಂದೇ ಕರೆಯುತ್ತಾರೆ, ಏಕೆಂದರೆ ಹೆಸರಿಟ್ಟಾಗ ಬೇರೆ ಪದ ಕೈಯಲ್ಲಿರಲಿಲ್ಲ. ಇಂಗ್ಲಿಷಿನಲ್ಲಿ ಆರೆಂಜ್ ಎಂಬುದು ಬಣ್ಣದ ಹೆಸರಾಗಿ ಸಿಗುವ ಮೊದಲ ದಾಖಲೆ 1502ರದು. ಮಾರ್ಗರೆಟ್ ಟ್ಯೂಡರ್ ಎಂಬ ರಾಜಕುಮಾರಿಗೆ ಕೊಂಡ ಬಟ್ಟೆಗಳ ಪಟ್ಟಿಯಲ್ಲಿ ಅದು ಬರುತ್ತದೆ. ಹಣ್ಣಿನ ಹೆಸರು ಬಂದು ನೂರಕ್ಕೂ ಹೆಚ್ಚು ವರ್ಷವಾದ ಮೇಲೆ ಅದು ಬಟ್ಟೆಗೆ ಹತ್ತಿತು.

ನಮ್ಮಲ್ಲಿ ಹೇಗೆ ಎಂದು ಕೇಳಬಹುದು. ನಾವೂ ವಸ್ತುಗಳ ಹೆಸರಿನಿಂದಲೇ ಈ ಬಣ್ಣಗಳನ್ನು ಗುರುತಿಸಿದವರು. ಕೇಸರಿ ಹೂವಿನ ಎಳೆಯಿಂದ ಬಂತು. ಕಾವಿ ಮಣ್ಣಿನಿಂದ ಬಂತು: ಕೆಮ್ಮಣ್ಣು ಅರೆದು ಬಟ್ಟೆಗೂ ಗೋಡೆಗೂ ಹಚ್ಚುತ್ತಿದ್ದರು, ಕರಾವಳಿಯ ಹಳೆಯ ಮನೆ, ದೇವಸ್ಥಾನಗಳಲ್ಲಿ ಕಾವಿ ಚಿತ್ರಗಳು ಇನ್ನೂ ಉಳಿದಿವೆ. ಕಿತ್ತಳೆ ಬಣ್ಣ ಹಣ್ಣಿನಿಂದ ಬಂತು. ಇಂಗ್ಲಿಷಿನವರು ಒಂದೇ ಪದದಲ್ಲಿ ಮುಗಿಸುವ ಜಾಗದಲ್ಲಿ ನಾವು ಮೂರನ್ನು ಬೇರೆ ಮಾಡಿ ನೋಡುತ್ತೇವೆ. ಸನ್ಯಾಸಿಯ ಬಟ್ಟೆಗೆ ಕಿತ್ತಳೆ ಬಣ್ಣ ಎಂದರೆ ನಮ್ಮ ಕಿವಿಗೆ ಒಗ್ಗುವುದಿಲ್ಲ.

ಸಿಹಿ ಹಣ್ಣು ಎಲ್ಲಿ ಬಂತು ಎಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು. ಯುರೋಪಿಗೆ ಸಿಹಿ ಕಿತ್ತಳೆಯನ್ನು ಹರಡಿದ ಹೆಸರು ಮುಖ್ಯವಾಗಿ ಪೋರ್ಚುಗೀಸರದು. 1498ರಲ್ಲಿ ವಾಸ್ಕೊ ಡ ಗಾಮಾನ ಹಡಗುಗಳು ಆಫ್ರಿಕದ ಪೂರ್ವ ಕರಾವಳಿಯ ಮೊಂಬಾಸಾ ತಲುಪಿದಾಗ ಅಲ್ಲಿನ ದೊರೆ ಕಿತ್ತಳೆ, ನಿಂಬೆ, ಕಬ್ಬುಗಳನ್ನು ಕಳುಹಿಸಿಕೊಟ್ಟನೆಂದು ಆ ಯಾನದ ದಿನಚರಿಯಲ್ಲಿದೆ. ಹಿಂದಿರುಗುವಾಗ ವಸಡು ಬಾತು ಹಲ್ಲು ಅಲುಗಾಡುವ ಸ್ಕರ್ವಿ ರೋಗದಿಂದ ನಾವಿಕರು ಸಾಯುತ್ತಿದ್ದರು. ಆಗ ಅದೇ ಕರಾವಳಿಯ ಮಾಲಿಂದಿಯಲ್ಲಿ ಮೊದಲು ತರಿಸಿದ್ದು ಕಿತ್ತಳೆ, ರೋಗಿಗಳು ಅದಕ್ಕಾಗಿ ಹಂಬಲಿಸುತ್ತಿದ್ದರಂತೆ. ನಂತರದ ದಶಕಗಳಲ್ಲಿ ಒಳ್ಳೆಯ ಸಿಹಿ ತಳಿಗಳು ಪೋರ್ಚುಗಲ್ಲಿನ ಹೆಸರಿನಲ್ಲಿಯೇ ಊರೂರು ತಲುಪಿದವು.

ಅದರ ಫಲ ನೋಡಿ. ಗ್ರೀಕರು ಸಿಹಿ ಕಿತ್ತಳೆಗೆ ಪೊರ್ಟೊಕಾಲಿ ಎನ್ನುತ್ತಾರೆ. ತುರ್ಕಿಯವರು ಪೊರ್ಟಕಾಲ್, ಅರಬರು ಬುರ್ತುಕಾಲ್, ಇರಾನಿನವರು ಪೊರ್ತೆಗಾಲ್. ಎಲ್ಲವೂ ಪೋರ್ಚುಗಲ್ಲೇ. ನಾರಂಜ್ ಎಂಬ ಹಳೆಯ ಪದ ಅವರಲ್ಲಿ ಸಾಯಲಿಲ್ಲ, ಹಳೆಯ ಕಹಿ ಹಣ್ಣಿಗೇ ಉಳಿದುಕೊಂಡಿತು. ಇರಾನಿನ ಹಣ್ಣಿನಂಗಡಿಯಲ್ಲಿ ಇಂದು ನಾರೆಂಜ್ ಎಂದರೆ ಕಹಿ ಕಿತ್ತಳೆ, ನಾರೆಂಗಿ ಎಂದರೆ ಸಿಪ್ಪೆ ಸಡಿಲವಾಗಿರುವ ಮ್ಯಾಂಡರಿನ್, ಪೊರ್ತೆಗಾಲ್ ಎಂದರೆ ಸಿಹಿ ಕಿತ್ತಳೆ. ಮೂರು ಬುಟ್ಟಿ, ಮೂರು ಹೆಸರು, ಎರಡು ಬೇರೆ ಬೇರೆ ಶತಮಾನಗಳ ವ್ಯಾಪಾರ. ಡಚ್ಚರು, ಜರ್ಮನರು, ರಷ್ಯನ್ನರು ಇದನ್ನು ‘ಚೀನಾದ ಸೇಬು’ ಎಂಬರ್ಥದ ಪದದಿಂದ ಕರೆಯುತ್ತಾರೆ. ನಮ್ಮ ಮೋಸಂಬಿಯೂ ಇದೇ ಜಾತಿಯ ಪದ: ಪೋರ್ಚುಗೀಸರ ವಸಾಹತಾಗಿದ್ದ ಮೊಜಾಂಬಿಕ್ ಎಂಬ ಹೆಸರೇ ನಮ್ಮ ಬಾಯಲ್ಲಿ ಮೋಸಂಬಿ ಆಗಿದೆ. ಹಣ್ಣನ್ನು ಕೈಗಿಟ್ಟವನ ಹೆಸರು ಹಣ್ಣಿಗೆ ಅಂಟುತ್ತದೆ ಎಂದು ಮೊದಲಿಗೆ ಹೇಳಿದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಕನ್ನಡ ಏನು ಮಾಡಿತು ಎಂಬ ಪ್ರಶ್ನೆ ಉಳಿಯುತ್ತದೆ. ಸುತ್ತಲಿನ ಭಾಷೆಗಳಲ್ಲೆಲ್ಲ ನಾರಂಗದ ಮಕ್ಕಳಿರುವಾಗ ನಮ್ಮ ದಿನಬಳಕೆಯ ಪದ ಕಿತ್ತಳೆ. ಇದು ಬೇರೆಯೇ ವಂಶದ್ದು, ಮತ್ತು ನನ್ನ ಮಟ್ಟಿಗೆ ಇವತ್ತಿನ ಎಲ್ಲ ಪದಗಳಲ್ಲಿ ಇದೇ ಹೆಚ್ಚು ಸೊಗಸಿನದು. ಹಳೆಯ ಕನ್ನಡದಲ್ಲಿ ಈ ಜಾತಿಯ ಗಿಡಕ್ಕೆ, ಹಣ್ಣಿಗೆ ‘ಈಳೆ’ ಎಂಬ ಹೆಸರಿದೆ. ಕಿಱಿದು ಎಂಬುದಕ್ಕೆ ಈಳೆ ಸೇರಿದರೆ ಕಿತ್ತೀಳೆ, ಚಿಕ್ಕ ಈಳೆ. ಪಿರಿದು ಎಂಬುದಕ್ಕೆ ಸೇರಿದರೆ ಪೇರೀಳೆ, ಅಂದರೆ ದೊಡ್ಡ ಈಳೆ, ಅದು ಮುಂದೆ ಹೇರಿಳೆ, ಹೇರಳೆ ಆಯಿತು. ಹಿರಿದು ಮತ್ತು ದಾರಿ ಸೇರಿ ಹೆದ್ದಾರಿ ಆದದ್ದನ್ನು ಶಾಲೆಯಲ್ಲಿ ಕಲಿತಿದ್ದೇವೆ. ಅದೇ ವ್ಯಾಕರಣ ಹಣ್ಣಿನ ಬುಟ್ಟಿಯಲ್ಲಿಯೂ ಕೆಲಸ ಮಾಡಿದೆ. ಮೈಸೂರು ಕಡೆಯ ಮನೆಗಳಲ್ಲಿ ಹೇರಳೆಕಾಯಿ ಚಿತ್ರಾನ್ನ, ಹೇರಳೆಕಾಯಿ ಗೊಜ್ಜು ಇಂದಿಗೂ ಮಾಡುತ್ತಾರೆ. ಕೆಲವರು ಎರಳೆಕಾಯಿ ಎನ್ನುತ್ತಾರೆ. ರಸ ಹಿಂಡಿ ಅನ್ನಕ್ಕೆ ಬೆರೆಸುವಾಗ ನಿಂಬೆಗೆ ಇಲ್ಲದ ಒಂದು ಸಣ್ಣ ಕಹಿ ಹಿನ್ನೆಲೆಯಲ್ಲಿ ನಿಲ್ಲುತ್ತದೆ, ಅದಕ್ಕಾಗಿಯೇ ಅದನ್ನು ಬಯಸುತ್ತಾರೆ. ಇದೇ ಕಾಯಿಯನ್ನು ತಮಿಳರ ಮನೆಗಳಲ್ಲಿ ನಾರ್ತ್ತಂಗಾಯ್ ಎಂದು ಕರೆದು ಉಪ್ಪಿನಕಾಯಿ ಹಾಕುತ್ತಾರೆ. ಇಂಗ್ಲಿಷಿನ ಆರೆಂಜ್ ಪದದ ಅತ್ಯಂತ ಹತ್ತಿರದ ನೆಂಟನನ್ನು ನೋಡಬೇಕೆಂದರೆ ಬೆಂಗಳೂರಿನ ಯಾವುದಾದರೂ ಉಪ್ಪಿನಕಾಯಿ ಅಂಗಡಿಗೆ ಹೋದರೆ ಸಾಕು.

ಕಿತ್ತಳೆ ಎಂದರೆ ಕನ್ನಡಿಗರಿಗೆ ಕೊಡಗು ನೆನಪಾಗುತ್ತದೆ. ಕಾಫಿ ತೋಟಗಳ ನಡುವೆ ಬೆಳೆಯುವ, ಹಸಿರು ಮಿಶ್ರಿತ ಹಳದಿ ಸಿಪ್ಪೆಯ, ಸುಲಭವಾಗಿ ಸುಲಿಯಬಹುದಾದ ಆ ಹಣ್ಣು ಸಸ್ಯಶಾಸ್ತ್ರದ ಪ್ರಕಾರ ಮ್ಯಾಂಡರಿನ್. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಗ್ರೀನಿಂಗ್ ಮೊದಲಾದ ರೋಗಗಳಿಂದ ಹಳೆಯ ತೋಟಗಳು ಬಹಳ ಸೊರಗಿದವು, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಂಥ ಕಡೆ ಅದನ್ನು ಉಳಿಸುವ ಕೆಲಸ ನಡೆದಿದೆ.

ಮಂಗಳೂರಿನ ಹರೇಕಳ ಹಾಜಬ್ಬ ಅವರನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಸಾಧ್ಯವಿಲ್ಲ. ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದ ಅವರ ಬಳಿ ವಿದೇಶಿ ದಂಪತಿಗಳು ಬಂದು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ತುಳು, ಬ್ಯಾರಿ ಮಾತ್ರ ಬಲ್ಲ ಅವರಿಗೆ ಪ್ರಶ್ನೆ ತಿಳಿಯಲಿಲ್ಲ, ಬಂದವರು ಹೊರಟುಹೋದರು. ತನ್ನ ಊರಿನ ಮಕ್ಕಳಿಗೆ ಈ ಸ್ಥಿತಿ ಬರಬಾರದೆಂದು ಹಣ್ಣು ಮಾರಿದ ಹಣ ಕೂಡಿಟ್ಟು, ಜನರ ನೆರವು ಬೇಡಿ, ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಸಾವಿರ ವರ್ಷಗಳ ಹಿಂದೆ ಇದೇ ಸಮುದ್ರದ ಬದಿಯಿಂದ ಹೊರಟ ಹಣ್ಣಿನ ಪದವೊಂದು ಇಂಗ್ಲಿಷ್ ಆಗಿ ಮರಳಿ ಬಂದು, ಹಣ್ಣು ಮಾರುವವನಿಗೇ ಅರ್ಥವಾಗದ ಭಾಷೆಯ ಭಾಗವಾಗಿತ್ತು. ಅದನ್ನು ಯೋಚಿಸುವಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಅವರು ಅದಕ್ಕೆ ಕೊಟ್ಟ ಉತ್ತರದ ಮುಂದೆ ತಲೆಬಾಗುತ್ತೇನೆ.

ಕೊನೆಯ ಪ್ರಶ್ನೆ ನಿರೀಕ್ಷಿಸಿದ್ದೇ: ಹಾಗಾದರೆ ಕನ್ನಡದಲ್ಲಿ ಬರೆಯುವಾಗ ಆರೆಂಜ್ ಎನ್ನಬೇಕೋ, ಕಿತ್ತಳೆ 
ಎನ್ನಬೇಕೋ? ಹಣ್ಣಿಗೂ ಬಣ್ಣಕ್ಕೂ ಕಿತ್ತಳೆ ಇರುವಾಗ ಬೇರೆ ಹುಡುಕುವ ಅಗತ್ಯವಿಲ್ಲ. ಎಚ್ಚರಿಕೆಯ ಮಟ್ಟಕ್ಕೆ ಆರೆಂಜ್ ಅಲರ್ಟ್ ಎಂದು ಬರೆದರೂ ನನಗೆ ಜಗಳವಿಲ್ಲ, ನದಿ ದಂಡೆಯವರಿಗೆ ಅದು ಬೇಗ ತಿಳಿಯುವುದು ಮುಖ್ಯ. ಇಂಗ್ಲಿಷ್ ಕವಿಗಳು ಆರೆಂಜ್ ಪದಕ್ಕೆ ಪ್ರಾಸ ಸಿಗದೆ ಪರದಾಡುತ್ತಾರೆ ಎಂಬುದು ಹಳೆಯ ದೂರು. ವೇಲ್ಸಿನಲ್ಲಿ ಬ್ಲೊರೆಂಜ್ ಎಂಬ ಗುಡ್ಡವೊಂದು ಬಿಟ್ಟರೆ ಅವರಿಗೆ ಹೆಚ್ಚೇನೂ ಸಿಗುವುದಿಲ್ಲ. ನಮ್ಮ ಪ್ರಾಸ ಎರಡನೆಯ ಅಕ್ಷರದ್ದು, ಕಿತ್ತಳೆಗೆ ಕತ್ತಲೆ, ಬತ್ತಳಿಕೆ, ಎತ್ತರ ಎಲ್ಲವೂ ಸಲ್ಲುತ್ತವೆ.

ನನ್ನ ಚಿಂತೆ ಇಂಗ್ಲಿಷ್ ಪದ ಬಂತೆಂಬುದಲ್ಲ. ಹೇರಳೆ, ಕಂಚಿ, ಮಾದಲ, ಚಕೋತ, ಗಜನಿಂಬೆ ಎಂಬ ಹೆಸರುಗಳು ಒಂದೂರಿನಿಂದ ಇನ್ನೊಂದೂರಿಗೆ ಕಲಸಿಹೋಗುತ್ತಿವೆ, ಒಂದೇ ಹೆಸರಿನಲ್ಲಿ ಎರಡು ಕಾಯಿ, ಒಂದೇ ಕಾಯಿಗೆ ಮೂರು ಹೆಸರು. ಹಿತ್ತಲಿನ ಮರಗಳು ಹೋದಂತೆ ಯಾವ ಹೆಸರು ಯಾವ ಕಾಯಿಯದೆಂದು ಹೇಳುವವರೂ ಹೋಗುತ್ತಿದ್ದಾರೆ. ನೀವು ಭಾಷೆಯ ವಿದ್ಯಾರ್ಥಿಗಳು, ರಜೆಗೆ ಊರಿಗೆ ಹೋಗುವವರು. ಮನೆಯಲ್ಲಿ ಅಜ್ಜಿಯರನ್ನು ಕೇಳಿ ಹೆಸರು ಬರೆದುಕೊಳ್ಳಿ. ಹೆಸರೊಂದನ್ನೇ ಬರೆದರೆ ಸಾಲದು. ಸಿಪ್ಪೆ ಎಷ್ಟು ದಪ್ಪ, ಹಣ್ಣಾದಾಗ ಬಣ್ಣ ಯಾವುದು, ಗೊಜ್ಜಿಗೋ ಉಪ್ಪಿನಕಾಯಿಗೋ, ಊರು ಯಾವುದು ಎಂದು ಬರೆಯಿರಿ. ಒಂದು ಎಲೆಯನ್ನೂ ಪುಸ್ತಕದ ನಡುವೆ ಇಟ್ಟುಕೊಂಡು ಬನ್ನಿ. ಎಲೆಯ ತೊಟ್ಟಿನ ಎರಡು ಬದಿಗೆ ರೆಕ್ಕೆಯಂಥ ಅಗಲವಾದ ಭಾಗ ಇದೆಯೋ ಇಲ್ಲವೋ ನೋಡಿ. ಚಕೋತಕ್ಕೆ ಅದು ದೊಡ್ಡದಾಗಿ ಇರುತ್ತದೆ, ಕಹಿ ಕಿತ್ತಳೆಗೆ ಎದ್ದು ಕಾಣುವಷ್ಟು ಇರುತ್ತದೆ, ಮಾದಲಕ್ಕೆ ಇರುವುದಿಲ್ಲ. ಹೆಸರು ಯಾವ ಗಿಡದ್ದೆಂದು ಆಗ ಜಗಳವಿಲ್ಲದೆ ತೀರ್ಮಾನಿಸಬಹುದು.